ಮೊದಲ ವಾರದ ಗಲ್ಲಾಪೆಟ್ಟಿಗೆ: ‘ಬಾಬಾ ಕಾ ಢಾಬಾ’ ಪ್ರಕರಣ, ಊರಿನ ಫುಡ್ ವ್ಲಾಗರ್‌ಗಳಿಗಾಗಿ

ಐವತ್ತು ರೂಪಾಯಿ. ಹತ್ತು ಸಾವಿರ. ಮೂರೂವರೆ ಸಾವಿರ. ಒಂದು ಸಾವಿರ. ದೆಹಲಿಯ ‘ಬಾಬಾ ಕಾ ಢಾಬಾ’ ಎಂಬ ಪುಟ್ಟ ಊಟದಂಗಡಿಯ ಗಲ್ಲಾಪೆಟ್ಟಿಗೆ ಎಂಟೊಂಬತ್ತು ತಿಂಗಳಲ್ಲಿ ಕಂಡ ದಿನದ ವ್ಯಾಪಾರದ ಅಂಕಿಗಳಿವು. ಊರಿನ ತಿಂಡಿ, ಊಟದ ಬಗ್ಗೆ ರೀಲ್ಸ್ ಮಾಡುವವರು ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಮೈಕ್ ಇಡುವ ಚೀಲದಲ್ಲೇ ಇಟ್ಟುಕೊಳ್ಳಬಹುದು. ಆ ಅಂಗಡಿಯ ಸುತ್ತ ನಡೆದ ಜಗಳ, ಪೊಲೀಸ್ ದೂರು ದೇಣಿಗೆಯಿಂದ ಹುಟ್ಟಿದವು; ಹೊಸ ಹೋಟೆಲ್, ಅದು ಮುಚ್ಚಿದ್ದು ಎರಡನೆಯ ಅಂಕಿಯನ್ನೇ ಕಾಯಂ ಎಂದು ನಂಬಿದ್ದರ ಫಲ. ಅದು ಕಾಯಂ ಅಲ್ಲ ಎಂದು ಮೊದಲೇ ಊಹಿಸಬಲ್ಲವರು ಯಾರಾದರೂ ಇದ್ದರೆ ಅದು ವಿಡಿಯೊ ಮಾಡಿದವರು. ವ್ಯೂಸ್ ಏರುವುದನ್ನೂ ಇಳಿಯುವುದನ್ನೂ ದಿನಾ ನೋಡುವವರು ಅವರೇ ತಾನೆ.

ನಡೆದದ್ದು

ದಕ್ಷಿಣ ದೆಹಲಿಯ ಮಾಳವೀಯ ನಗರದಲ್ಲಿ ಕಾಂತಾ ಪ್ರಸಾದ್ ಮತ್ತು ಬಾದಾಮಿ ದೇವಿ ದಂಪತಿ 1990ರಿಂದ ರಸ್ತೆ ಬದಿಯಲ್ಲಿ ಅನ್ನ, ದಾಲ್, ರೊಟ್ಟಿ, ಮಟರ್ ಪನೀರ್ ಮಾರುತ್ತಿದ್ದರು. ಒಂದು ತಟ್ಟೆಗೆ 30ರಿಂದ 50 ರೂಪಾಯಿ. ಪ್ರಸಾದ್ ಅವರಿಗೆ ಆಗ ಎಂಬತ್ತು ವಯಸ್ಸು. ಕೋವಿಡ್ ಬಂದ ಮೇಲೆ ಗಿರಾಕಿ ನಿಂತೇ ಹೋಗಿತ್ತು.

2020ರ ಅಕ್ಟೋಬರ್ 7ರಂದು ಗೌರವ್ ವಾಸನ್ ಎಂಬ ಯೂಟ್ಯೂಬರ್ ಅಲ್ಲಿ ಚಿತ್ರಿಸಿದ ತುಣುಕು ಹರಿದಾಡಿತು. ಎಷ್ಟು ಸಂಪಾದನೆ ಆಯಿತು ಎಂದು ಕೇಳಿದಾಗ ಅಜ್ಜ ಹತ್ತರ ಕೆಲವು ನೋಟು, ಬರೀ ಐವತ್ತು ರೂಪಾಯಿ ತೋರಿಸಿ, ಮಾತು ಹೊರಡದೆ ಕಣ್ಣೊರೆಸಿಕೊಳ್ಳುವ ದೃಶ್ಯ ಅದು. ಟ್ವಿಟರ್‌ನಲ್ಲಿ ಯಾರೋ ಹಂಚಿದರು, ಸಿನಿಮಾದವರು, ಕ್ರಿಕೆಟಿಗರು ಮುಂದಕ್ಕೆ ತಳ್ಳಿದರು. ಮರುದಿನ ಬೆಳಿಗ್ಗೆ ಅಂಗಡಿ ಮುಂದೆ ಸಾಲು. ಟಿವಿ ಕ್ಯಾಮೆರಾಗಳು, ಶಾಸಕರು, ಜೊಮ್ಯಾಟೊ ಪಟ್ಟಿಯಲ್ಲಿ ಹೆಸರು. ಜೊತೆಗೆ ದೇಶದ ಮೂಲೆಮೂಲೆಯಿಂದ ದೇಣಿಗೆ.

ಅದೇ ಅಕ್ಟೋಬರ್ 31ಕ್ಕೆ ಪ್ರಸಾದ್ ಪೊಲೀಸರಿಗೆ ದೂರು ಕೊಟ್ಟರು. ವಾಸನ್ ತನ್ನ ಮತ್ತು ತನ್ನವರ ಖಾತೆ, ಫೋನ್ ನಂಬರ್‌ಗಳನ್ನು ದಾನಿಗಳಿಗೆ ಕೊಟ್ಟು ಹಣ ಸಂಗ್ರಹಿಸಿದ, ಲೆಕ್ಕ ಹೇಳಲಿಲ್ಲ ಎಂಬುದು ಅದರ ತಿರುಳು. ವಾಸನ್ ಆರೋಪ ನಿರಾಕರಿಸಿ ಬ್ಯಾಂಕ್ ವಿವರಗಳನ್ನು ಬಹಿರಂಗಪಡಿಸಿದರು. ಆ ಹೊತ್ತಿಗೆ ಅಂತರ್ಜಾಲ ಎರಡು ಪಾಳಯವಾಗಿತ್ತು. ನಿನ್ನೆ ಹೊಗಳಿದವರೇ ಇಂದು ಬೈಯುತ್ತಿದ್ದರು. ಡಿಸೆಂಬರ್ 21ಕ್ಕೆ ಅದೇ ಬಡಾವಣೆಯಲ್ಲಿ ದಂಪತಿಯ ಹೊಸ ರೆಸ್ಟೊರೆಂಟ್ ಶುರುವಾಯಿತು. 2021ರ ಫೆಬ್ರವರಿ 15ಕ್ಕೆ ಬಾಗಿಲು ಹಾಕಿತು. ಅಜ್ಜ ಹಳೆಯ ಅಂಗಡಿಗೇ ಮರಳಿದರು. ಜೂನ್‌ನಲ್ಲಿ ವಿಡಿಯೊ ಮೂಲಕವೇ, ಆ ಹುಡುಗ ಕಳ್ಳನಲ್ಲ, ನಮ್ಮಿಂದ ತಪ್ಪಾಯಿತು ಎಂದು ಕ್ಷಮೆ ಕೇಳಿದರು. ವಾಸನ್ ಹೋಗಿ ಅವರನ್ನು ಅಪ್ಪಿಕೊಂಡ ಚಿತ್ರವೂ ಹರಿದಾಡಿತು.

ಅಂಕಿಗಳ ಏರಿಳಿತ

ವಿಡಿಯೊ ಬಂದ ಹೊಸತರಲ್ಲಿ ದಿನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ವ್ಯಾಪಾರವಾಗುತ್ತಿತ್ತು, ಈಗ ಮೂರರಿಂದ ಐದು ಸಾವಿರ, ಬರುವವರಲ್ಲಿ ಹೆಚ್ಚಿನವರು ಸೆಲ್ಫಿಗೆ ಬರುತ್ತಾರೆ. ದೂರು ಕೊಟ್ಟ ದಿನಗಳಲ್ಲೇ ಪ್ರಸಾದ್ ಸುದ್ದಿಗಾರರಿಗೆ ಹೇಳಿದ ಮಾತಿದು. ಅಂದರೆ ವಿಡಿಯೊ ಬಂದು ಇನ್ನೂ ನಾಲ್ಕು ವಾರ ತುಂಬಿರಲಿಲ್ಲ. ಮುಂದೆ 2021ರ ಎರಡನೇ ಅಲೆಯ ಲಾಕ್‌ಡೌನ್‌ಗೆ ಮೊದಲು ಹಳೆ ಅಂಗಡಿಯ ದಿನದ ವ್ಯಾಪಾರ ಸುಮಾರು 3,500, ಆಮೇಲೆ 1,000.

ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ವಿಡಿಯೊ ವ್ಯರ್ಥವಾಗಲಿಲ್ಲ. ಐವತ್ತು ರೂಪಾಯಿಗೆ ಅಳುತ್ತಿದ್ದ ಅಂಗಡಿ ಆರು ತಿಂಗಳ ಮೇಲೂ ಮೂರೂವರೆ ಸಾವಿರದಲ್ಲಿ ನಿಂತಿತ್ತು. ಯಾವ ವ್ಲಾಗರ್ ಆದರೂ ಹೆಮ್ಮೆ ಪಡಬಹುದಾದ ಫಲಿತಾಂಶ ಅದು. ಎರಡನೆಯದು, ನಿಂತ ಅಂಕಿ ಶಿಖರದ ಮೂರನೇ ಒಂದು ಭಾಗ ಮಾತ್ರ. ಮೂರನೇ ವಾರಕ್ಕೆಲ್ಲ ಆ ಮಟ್ಟ ಕಾಣಿಸಿತ್ತು. ಆದರೆ ಎಲ್ಲರ ಕಿವಿಯಲ್ಲಿ ಇನ್ನೂ ಮೊದಲ ವಾರದ ಸದ್ದೇ ಮೊಳಗುತ್ತಿತ್ತು.

ಇಳಿಯುವುದಕ್ಕೆ ಕಾರಣ ಸರಳ. ದಿನದ ಊಟದ ಗಿರಾಕಿ ಎಂದರೆ ನಡೆದು ಬರುವಷ್ಟು ದೂರದಲ್ಲಿ, ಹೆಚ್ಚೆಂದರೆ ಎರಡು ಮೂರು ಕಿಲೋಮೀಟರ್ ಒಳಗೆ ಇರುವವರು, ಕೆಲಸ ಮಾಡುವವರು. ರೀಲ್ಸ್ ನೋಡುವವರು ರಾಜ್ಯದ ಉದ್ದಗಲಕ್ಕೂ ಹರಡಿರುತ್ತಾರೆ. ಹತ್ತು ಲಕ್ಷ ವ್ಯೂಸ್ ಇದ್ದರೂ ನಾಳೆ ಮಧ್ಯಾಹ್ನ ಒಂದು ಗಂಟೆಗೆ ಹಸಿವಾಗಿ ಅದೇ ರಸ್ತೆಯಲ್ಲಿ ಇರುವವರು ಎಷ್ಟು ಮಂದಿ? ಹಾಕಿದ ಎರಡು ದಿನಕ್ಕೆ ಖಾತೆಯ ಇನ್‌ಸೈಟ್ಸ್ (ನೋಡಿದವರ ಅಂಕಿಅಂಶ) ತೆರೆದು ನಗರಗಳ ಪಟ್ಟಿ ನೋಡಿ. ಹಾವೇರಿಯ ಖಾನಾವಳಿಯ ವಿಡಿಯೊಗೆ ಮೊದಲ ಐದು ಊರುಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಪುಣೆ, ಹೈದರಾಬಾದ್ ಎಂದಿದ್ದರೆ ನೂಕುನುಗ್ಗಲು ಶನಿವಾರ, ಭಾನುವಾರಕ್ಕೆ ಸೀಮಿತ, ಅದೂ ಮೂರು ನಾಲ್ಕು ವಾರ. ಹಾವೇರಿ, ರಾಣೆಬೆನ್ನೂರು ಮೇಲೆ ಬಂದಿದ್ದರೆ ಆ ಗಿರಾಕಿ ಉಳಿಯುವ ಜಾತಿ.

ಇದನ್ನು ಅಂಗಡಿಯವರಿಗೆ ಹೇಳುವುದು ವ್ಲಾಗರ್ ಕೆಲಸ. ಪೋಸ್ಟ್ ಮಾಡುವ ಹಿಂದಿನ ದಿನ ಹೋಗಿ, ಅವರ ಮಾತಿನಲ್ಲೇ: “ಅಮ್ಮಾ, ನಾಳೆ ಸಂಜೆ ಹಾಕ್ತೀನಿ. ಒಂದು ಹತ್ತು ದಿನ ಜನ ಮುಗಿಬೀಳ್ತಾರೆ. ಆಮೇಲೆ ಇಳಿಯುತ್ತೆ, ಈಗಿನದಕ್ಕಿಂತ ಒಂಚೂರು ಮೇಲೆ ನಿಲ್ಲುತ್ತೆ. ಆ ಹತ್ತು ದಿನದ ದುಡ್ಡು ನೋಡಿ ಮಳಿಗೆ ಹಿಡಿಯೋಕೆ ಹೋಗಬೇಡಿ.” ಹೇಳಲು ಅರ್ಧ ನಿಮಿಷ ಸಾಕು. ಹೇಳುವವರು ತೀರಾ ಕಡಿಮೆ, ಏಕೆಂದರೆ ಹೇಳಿದರೆ ತಮ್ಮ ವಿಡಿಯೊದ ಬೆಲೆಯನ್ನೇ ತಗ್ಗಿಸಿದಂತೆ ಅನ್ನಿಸುತ್ತದೆ.

ಒಂದು ಕಾವಲಿಯ ಲೆಕ್ಕ

ಮಾಳವೀಯ ನಗರದ ಅಂಗಡಿ ಮೊದಲೇ ಬೇಯಿಸಿಟ್ಟ ಊಟ ಬಡಿಸುವಂಥದ್ದು. ತಪ್ಪಲೆ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ನಮ್ಮ ಕಡೆ ಹೆಚ್ಚಿನ ವಿಡಿಯೊ ದೋಸೆ, ತಟ್ಟೆ ಇಡ್ಲಿ, ಮಿರ್ಚಿಗಳದು, ಅಲ್ಲಿ ಅಡ್ಡಿ ಇನ್ನೂ ಬೇಗ ಬರುತ್ತದೆ. ದಾವಣಗೆರೆಯ ಬೆಣ್ಣೆ ದೋಸೆ ಗಾಡಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ.

ಕಾವಲಿಯ ಮೇಲೆ ಒಮ್ಮೆಗೆ ಆರು ದೋಸೆ. ಹುಯ್ದು, ಬೆಣ್ಣೆ ಹಾಕಿ, ತಿರುವಿ, ತೆಗೆಯಲು ನಾಲ್ಕು ನಿಮಿಷ. ಕಾಗದದ ಮೇಲೆ ಗಂಟೆಗೆ ತೊಂಬತ್ತು. ನಡುವೆ ಕಾವಲಿಗೆ ನೀರು ಚಿಮುಕಿಸಿ ಪೊರಕೆ ಆಡಿಸುವುದು, ಒಲೆಗೆ ಸೌದೆ ತುರುಕುವುದು, ಪಲ್ಯ, ಚಟ್ನಿ ಹಾಕಿ ಕೊಡುವುದು ಎಲ್ಲ ಸೇರಿದರೆ ಎಪ್ಪತ್ತು ದಾಟದು. ಒಬ್ಬರಿಗೆ ಎರಡು ದೋಸೆ ಎಂದರೆ ಗಂಟೆಗೆ ಮೂವತ್ತೈದು ಜನ. ಹತ್ತು ಲೀಟರ್ ಹಿಟ್ಟಿನ ಬಕೆಟ್‌ನಲ್ಲಿ ಸುಮಾರು ನೂರರಿಂದ ನೂರಿಪ್ಪತ್ತು ದೋಸೆ. ಎರಡು ಬಕೆಟ್ ಇಟ್ಟುಕೊಂಡವರು ಮೂರು ಗಂಟೆಗೆ ಖಾಲಿ. ಹಿಟ್ಟು ಹುಳಿ ಬರಲು ಎಂಟರಿಂದ ಹನ್ನೆರಡು ಗಂಟೆ ಬೇಕು, ಆದ್ದರಿಂದ ಆ ದಿನ ಮತ್ತೆ ರುಬ್ಬಿ ಉಪಯೋಗವಿಲ್ಲ.

ಈಗ ಭಾನುವಾರ ಬೆಳಿಗ್ಗೆ ಎಂಟಕ್ಕೆ ಎಂಬತ್ತು ಜನ ನಿಂತರು ಅನ್ನಿ. ಕೊನೆಯವರ ಸರದಿ ಬರುವುದು ಹತ್ತೂ ಕಾಲಿಗೆ. ಗದ್ದಲಕ್ಕೆ ಹೆದರಿ ಗಾಡಿಯವರು ಮಾಡುವ ತಪ್ಪುಗಳೂ ಗೊತ್ತಿರುವಂಥವೇ. ಬಿಡುವಿಲ್ಲದೆ ತಣ್ಣನೆ ಹಿಟ್ಟು ಬಿದ್ದು ಕಾವಲಿಯ ಕಾವು ಇಳಿಯುತ್ತದೆ, ದೋಸೆ ಬಿಳಿಚಿಕೊಂಡು ಅಂಟುತ್ತದೆ. ಅದಕ್ಕೆ ಉರಿ ಜೋರು ಮಾಡುತ್ತಾರೆ, ತಳ ಕರಟಿ ಒಳಗೆ ಹಸಿ ಉಳಿಯುತ್ತದೆ. ಎರಡನೇ ದಿನ ಹೆಚ್ಚು ಹಿಟ್ಟು ಬೇಕೆಂದು ಸಂಜೆ ತಡವಾಗಿ ರುಬ್ಬಿದ್ದನ್ನು ಹುಳಿ ಬರುವ ಮೊದಲೇ ಎತ್ತುತ್ತಾರೆ. ಚಟ್ನಿಗೆ ನೀರು ಬೀಳುತ್ತದೆ. ಐವತ್ತು ಕಿಲೋಮೀಟರ್ ಬೈಕ್ ಓಡಿಸಿ ಬಂದವನು ತಿನ್ನುವುದು ಈ ದೋಸೆಯನ್ನು, ವ್ಲಾಗರ್ ತಿಂದದ್ದನ್ನಲ್ಲ. ಗೂಗಲ್ ಮ್ಯಾಪ್‌ನಲ್ಲಿ ಒಂದು ಸ್ಟಾರ್ ಬೀಳುವುದು ಹಾಗೆ. ಇಪ್ಪತ್ತು ವರ್ಷ ಇಲ್ಲೇ ತಿನ್ನುತ್ತಿದ್ದ ಬೀದಿಯವರು ಸಾಲು ನೋಡಿ ಬೇರೆ ಕಡೆ ಹೋಗುವುದು ಇದಕ್ಕಿಂತ ದೊಡ್ಡ ನಷ್ಟ. ಅವರು ವಾಪಸ್ ಬರಲು ತಿಂಗಳುಗಳು ಬೇಕು.

ಹಾಗಾಗಿ ಚಿತ್ರೀಕರಣಕ್ಕೆ ಹೋದಾಗಲೇ ಕೇಳಿಕೊಳ್ಳಬೇಕಾದದ್ದು: ದಿನಕ್ಕೆ ಎಷ್ಟು ಬಕೆಟ್ ಹಿಟ್ಟು, ಎಷ್ಟು ಗಂಟೆಗೆ ಖಾಲಿ, ಕಾವಲಿ ಎಷ್ಟು, ಕೈ ಎಷ್ಟು, ವಾರದ ರಜೆ ಯಾವತ್ತು. ಇವು ಕ್ಯಾಪ್ಷನ್‌ನ ಮೊದಲ ಎರಡು ಸಾಲಿನಲ್ಲೇ ಇರಲಿ. “ಬೆಳಿಗ್ಗೆ 7ರಿಂದ, ಹಿಟ್ಟು ಮುಗಿಯುವವರೆಗೆ, ಸಾಮಾನ್ಯವಾಗಿ 10. ಸೋಮವಾರ ರಜೆ. ಕುಳಿತುಕೊಳ್ಳಲು ಜಾಗ ಇಲ್ಲ.” ಬೆಲೆಪಟ್ಟಿಯ ಫೋಟೊ ತೆಗೆದು ದಿನಾಂಕ ಹಾಕಿ, ಇಲ್ಲದಿದ್ದರೆ ಆರು ತಿಂಗಳ ಮೇಲೆ ಹತ್ತು ರೂಪಾಯಿ ಹೆಚ್ಚಿದಾಗ ಸುಳ್ಳು ಹೇಳಿದಿರಿ ಎಂಬ ಕಾಮೆಂಟ್ ನಿಮಗೇ ಬರುತ್ತದೆ. ಪೋಸ್ಟ್ ಮಾಡಲು ಸೋಮವಾರ, ಮಂಗಳವಾರದ ಸಂಜೆ ಒಳ್ಳೆಯದು. ಮೊದಲ ಅಲೆ ವಾರದ ನಡುವೆ ಸಣ್ಣದಾಗಿ ಬಂದು ಅಂಗಡಿಯವರಿಗೆ ಕೈ ಪಳಗುತ್ತದೆ. ಶುಕ್ರವಾರ ರಾತ್ರಿ ಹಾಕಿದರೆ ವ್ಯೂಸ್ ಚೆನ್ನಾಗಿರುತ್ತದೆ, ಶನಿವಾರ ಅಂಗಡಿ ನುಜ್ಜಾಗುತ್ತದೆ. ಹಿಟ್ಟನ್ನು ಎಷ್ಟು ಹೆಚ್ಚಿಸಲಿ ಎಂದು ಅವರು ಕೇಳಿಯೇ ಕೇಳುತ್ತಾರೆ. ಒಂದೂವರೆ ಪಟ್ಟು ಎನ್ನಿ. ಐದು ಪಟ್ಟು ರುಬ್ಬಿದರೂ ಕಾವಲಿ ಒಂದೇ.

ರಸ್ತೆಯೂ ಒಂದು ಲೆಕ್ಕವೇ. 2024ರ ಜನವರಿಯಲ್ಲಿ ಹೈದರಾಬಾದಿನ ಮಾದಾಪುರದಲ್ಲಿ ‘ಕುಮಾರಿ ಆಂಟಿ’ ಎಂದೇ ಹೆಸರಾದ ಮಹಿಳೆಯ ಊಟದ ಗಾಡಿಯನ್ನು ಟ್ರಾಫಿಕ್ ಪೊಲೀಸರು ಎತ್ತಿಸಿದ್ದು ವ್ಲಾಗರ್‌ಗಳಿಂದ ಬಂದ ಜನದಟ್ಟಣೆಗಾಗಿ. ಕೊನೆಗೆ ಮುಖ್ಯಮಂತ್ರಿಯೇ ಮಧ್ಯೆ ಬಂದು ಮುಂದುವರಿಯಲು ಬಿಡಿಸಿದರು. ಎಲ್ಲ ಗಾಡಿಗೂ ಮುಖ್ಯಮಂತ್ರಿ ಬರುವುದಿಲ್ಲ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯಡಿ ಪಾಲಿಕೆ ಅಥವಾ ಪುರಸಭೆ ಕೊಡುವ ವ್ಯಾಪಾರ ಪ್ರಮಾಣಪತ್ರ, ಗುರುತಿನ ಚೀಟಿ ಇದೆಯೇ, ಆಹಾರ ಸುರಕ್ಷತೆಯ ಹದಿನಾಲ್ಕು ಅಂಕಿಯ ನೋಂದಣಿ ಸಂಖ್ಯೆ ಇದೆಯೇ ಎಂದು ಕ್ಯಾಮೆರಾ ಆಫ್ ಮಾಡಿ ಕೇಳಿ. ಇಲ್ಲ ಎಂದರೆ ಅದು ಆಗುವವರೆಗೆ ವಿಡಿಯೊ ತಡೆಹಿಡಿಯುವುದೇ ಉಪಕಾರ.

ದೇಣಿಗೆ: ಒಂದು ಫೋನ್ ನಂಬರ್ ತಂದ ತಾಪತ್ರಯ

ದೂರು ಹುಟ್ಟಿದ್ದು ಇಲ್ಲಿಂದ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ವಾಸನ್ ತುಣುಕು ವಿಮರ್ಶೆ ಆಗಿರಲಿಲ್ಲ, ಮೊರೆಯಾಗಿತ್ತು. ದಾಲ್ ಹೇಗಿದೆ ಎಂದು ತಿಳಿಯಲು ಯಾರೂ ಅದನ್ನು ನೋಡಲಿಲ್ಲ. ಇಂಥ ವಿಡಿಯೊ ಹಾಕಿದ ಹತ್ತು ನಿಮಿಷಕ್ಕೆ “ನಂಬರ್ ಕೊಡಿ, ದುಡ್ಡು ಹಾಕ್ತೀವಿ” ಎಂಬ ಕಾಮೆಂಟ್ ಬಂದೇ ಬರುತ್ತದೆ. ಅಂಗಡಿಯವರಿಗೆ ಯುಪಿಐ ಇಲ್ಲ, ಕೆಲವೊಮ್ಮೆ ಸ್ಮಾರ್ಟ್‌ಫೋನೂ ಇಲ್ಲ. ಸದ್ಯಕ್ಕೆ ಇರಲಿ ಎಂದು ವ್ಲಾಗರ್ ತನ್ನ ನಂಬರ್ ಕೊಡುತ್ತಾನೆ. ಸದ್ಭಾವ ಎಷ್ಟೇ ಇದ್ದರೂ ಅಲ್ಲಿಂದ ಮುಂದೆ ಹಣ ಬಂದ ಎಸ್ಸೆಮ್ಮೆಸ್ ಬೀಳುವುದು ಇವನ ಫೋನಿಗೆ. ಯಾರ ಹೆಸರಿನಲ್ಲಿ ಹಣ ಬರುತ್ತಿದೆಯೋ ಅವರಿಗೆ ಏನೂ ಕಾಣುವುದಿಲ್ಲ. ಕಾಣದ ಹಣ ಯಾವಾಗಲೂ ಇದ್ದದ್ದಕ್ಕಿಂತ ದೊಡ್ಡದು. ಪಕ್ಕದಲ್ಲಿ ಕೂತ ಯಾರೋ “ಇಪ್ಪತ್ತು ಲಕ್ಷ ಬಂದಿರಬೇಕು ಕಣಜ್ಜ” ಎಂದರೆ ಅಲ್ಲಗಳೆಯಲು ಅಜ್ಜನ ಬಳಿ ಒಂದು ಕಾಗದವೂ ಇರುವುದಿಲ್ಲ.

ತೆರಿಗೆಯ ಕಡೆಯಿಂದಲೂ ಇದು ಅಪಾಯ. ನಿಮ್ಮ ಉಳಿತಾಯ ಖಾತೆಗೆ ಬಂದ ಹಣ ಮೇಲ್ನೋಟಕ್ಕೆ ನಿಮ್ಮದೇ. ಬಂಧುಗಳಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಉಚಿತವಾಗಿ ಬಂದರೆ ಅಷ್ಟೂ ಇತರ ಮೂಲದ ಆದಾಯ ಎಂದೇ ಲೆಕ್ಕ. ನೀವು ಅದನ್ನು ನಗದಾಗಿ ತೆಗೆದು ಅಜ್ಜನ ಕೈಗೆ ಕೊಟ್ಟಿದ್ದರೆ ಬಂದದ್ದಕ್ಕೆ ದಾಖಲೆ ಇದೆ, ಹೋದದ್ದಕ್ಕೆ ಇಲ್ಲ.

ಹಾಗೆಂದು ಅಂಗಡಿಯ ಗಾಜಿಗೆ ಅಂಟಿಸಿದ ಕ್ಯೂಆರ್ ಕೋಡನ್ನೇ ವಿಡಿಯೊದಲ್ಲಿ ತೋರಿಸುವುದೂ ಸರಿಯಲ್ಲ, ಕರ್ನಾಟಕದವರಿಗಂತೂ ಇದು ಬಿಡಿಸಿ ಹೇಳಬೇಕಾಗಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮೊತ್ತ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಚೀಟಿ ನೇತಾಡಿತ್ತು. ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ. ಹೋಟೆಲ್ ಊಟ ಸೇವೆಯ ಲೆಕ್ಕ. ವ್ಯಾಪಾರದ ಕ್ಯೂಆರ್‌ಗೆ ಬಿದ್ದ ದೇಣಿಗೆ ಹೊರಗಿನಿಂದ ನೋಡುವವರಿಗೆ ವ್ಯಾಪಾರದಂತೆಯೇ ಕಾಣುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಗಾಡಿಯವರ ತಲೆಗೆ.

ಮಾಡಬೇಕಾದ ಕ್ರಮ ಹೀಗೆ. ವಿಡಿಯೊ ಹಾಕುವ ಮೊದಲೇ ಅಂಗಡಿಯವರ ಹೆಸರಿನಲ್ಲಿ ವ್ಯಾಪಾರಕ್ಕೆ ಬಳಸದ ಒಂದು ಉಳಿತಾಯ ಖಾತೆ ಇರಬೇಕು. ಇಲ್ಲದಿದ್ದರೆ ಶೂನ್ಯ ಬ್ಯಾಲೆನ್ಸ್‌ನ ಜನಧನ ಖಾತೆ ತೆರೆಸಿ. ಖಾತೆಗೆ ಜೋಡಿಸಿದ ಮೊಬೈಲ್ ಅವರ ಮನೆಯಲ್ಲೇ ಇರಬೇಕು, ನಿಮ್ಮದೋ ಪಕ್ಕದಂಗಡಿಯವರದೋ ಅಲ್ಲ. ಆ ಖಾತೆಯ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಯಾವ ಹೆಸರು ಬರುತ್ತದೆ ಎಂಬುದನ್ನು ವಿಡಿಯೊದಲ್ಲಿ ಬಾಯಿಬಿಟ್ಟು ಹೇಳಿ, ತೆರೆಯ ಮೇಲೂ ಬರೆಯಿರಿ, “ಈ ಹೆಸರು ಬಂದರೆ ಮಾತ್ರ ಹಾಕಿ.” ನಿಮ್ಮ ರೀಲ್ಸ್ ಇಳಿಸಿಕೊಂಡು ತಮ್ಮ ಕ್ಯೂಆರ್ ಅಂಟಿಸಿ ಮರುಹಾಕುವ ಕಳ್ಳರು ಒಂದೇ ದಿನದಲ್ಲಿ ಹುಟ್ಟಿಕೊಳ್ಳುತ್ತಾರೆ, ಅವರಿಗೆ ಇದೊಂದೇ ತಡೆ. ಎಷ್ಟು ಮೊತ್ತ, ಯಾವುದಕ್ಕೆ, ಎಂದಿನವರೆಗೆ ಎಂದು ಮೊದಲೇ ಹೇಳಿ: “ಹೊಸ ಗ್ಯಾಸ್ ಒಲೆ, ಚಾವಣಿ ಶೀಟು, 40,000, ಭಾನುವಾರ ರಾತ್ರಿಯವರೆಗೆ.” ಅವಧಿ ಮುಗಿದೊಡನೆ ಕ್ಯೂಆರ್ ಇರುವ ಭಾಗ ಕತ್ತರಿಸಿ. ವಿದೇಶಿ ಪೌರತ್ವ ಪಡೆದ ಕನ್ನಡಿಗರು ಕಳಿಸುತ್ತೇವೆ ಎಂದರೆ ನಯವಾಗಿ ಬೇಡವೆನ್ನಿ, ವಿದೇಶಿ ದೇಣಿಗೆಗೆ ಬೇರೆಯೇ ಕಾಯ್ದೆ ಇದೆ. ಅವರು ಊರಿಗೆ ಬಂದಾಗ ತಿಂದು ಹೋಗಲಿ. ಕೊನೆಗೆ ಅಂಗಡಿಯವರ ಜೊತೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಕಳಿಸಿದವರ ಹೆಸರು ಮುಚ್ಚಿ ಒಟ್ಟು ಮೊತ್ತ ತೋರಿಸಿ. 50,000 ದಾಟಿದ್ದರೆ ಅದೇ ವಾರ ಊರಿನ ತೆರಿಗೆ ಸಲಹೆಗಾರರ ಹತ್ತಿರ ಕರೆದೊಯ್ಯಿರಿ.

ಗೊತ್ತಿಲ್ಲದೆ ನಿಮ್ಮ ಖಾತೆಗೇ ಬಂದುಬಿಟ್ಟಿದ್ದರೆ? ಅಂದೇ ಬ್ಯಾಂಕ್ ಮೂಲಕ ಅಷ್ಟನ್ನೂ ವರ್ಗಾಯಿಸಿ, ಟಿಪ್ಪಣಿಯಲ್ಲಿ ‘ದಾನಿಗಳ ಹಣ’ ಎಂದು ಬರೆದು, ಸ್ಟೇಟ್‌ಮೆಂಟ್ ಅಚ್ಚು ಹಾಕಿಸಿ ಅವರ ಕೈಗೆ ಕೊಡಿ. ಮಗನೋ ಮೊಮ್ಮಗಳೋ ಇದ್ದರೆ ಅವರ ಮುಂದೆ ಓದಿ ಹೇಳಿ. ಲೆಕ್ಕವನ್ನು ಜಗಳಕ್ಕೆ ಮೊದಲೇ ತೋರಿಸಿದರೆ ಅದು ಲೆಕ್ಕ, ಜಗಳದ ನಂತರ ತೋರಿಸಿದರೆ ಸಮಜಾಯಿಷಿ.

ಅಳುವ ದೃಶ್ಯದ ಬಗ್ಗೆ ಒಂದು ಮಾತು. ಹಾಕಬಾರದು ಎಂದೇನಿಲ್ಲ. ಆದರೆ ಎಡಿಟ್ ಆದ ತುಣುಕನ್ನು ಅವರಿಗೇ ತೋರಿಸಿ, ಅವರ ಮನೆಯವರ ಮುಂದೆ ಒಪ್ಪಿಗೆ ಕೇಳಬೇಕು. ಎಷ್ಟೋ ಹಿರಿಯರಿಗೆ ತಮ್ಮ ಕಣ್ಣೀರನ್ನು ಬೀಗರೂ ನೋಡುತ್ತಾರೆ ಎಂಬ ಅಂದಾಜೇ ಇರುವುದಿಲ್ಲ.

ಹೊಸ ಹೋಟೆಲ್‌ನ ಗಣಿತ

ರೆಸ್ಟೊರೆಂಟ್‌ಗೆ ಹಾಕಿದ ಬಂಡವಾಳ ಸುಮಾರು ಐದು ಲಕ್ಷ, ಮೂವರು ಕೆಲಸಗಾರರು, ತಿಂಗಳ ಖರ್ಚು ಸುಮಾರು ಒಂದು ಲಕ್ಷ ಎಂದು ಪ್ರಸಾದ್ ಪತ್ರಿಕೆಗೆ ಹೇಳಿದ್ದರು. ಅದರಲ್ಲಿ ಬಾಡಿಗೆ 35,000, ಸಂಬಳ 36,000. ತಿಂಗಳ ವ್ಯಾಪಾರ 40,000 ದಾಟಲಿಲ್ಲ. ಮುಚ್ಚಿದಾಗ ಕುರ್ಚಿ, ಪಾತ್ರೆ, ಒಲೆ ಮಾರಿ ಕೈಗೆ ಬಂದದ್ದು 36,000.

ಈ ಅಂಕಿಗಳನ್ನು ಹೋಟೆಲ್ ನಡೆಸಿದವರ ಮುಂದೆ ಇಟ್ಟರೆ ಎರಡು ನಿಮಿಷದಲ್ಲಿ ಉತ್ತರ ಹೇಳುತ್ತಾರೆ. ಕರೆಂಟು, ನೀರು ಬಿಡಿ. ಬಾಡಿಗೆ, ಸಂಬಳ ಸೇರಿ 71,000. ಊಟಕ್ಕೆ ನೂರು ರೂಪಾಯಿ, ಸಾಮಾನಿಗೆ ನಲವತ್ತು ಎಂದರೆ ತಟ್ಟೆಗೆ ಅರವತ್ತು ಉಳಿಯಿತು. ತಿಂಗಳಿಗೆ ಸುಮಾರು 1,180 ತಟ್ಟೆ, ದಿನಕ್ಕೆ ನಲವತ್ತು ಹೋದರೆ ಅಸಲು. ಹಳೆಯ ಐವತ್ತು ರೂಪಾಯಿ ದರದಲ್ಲೇ ಕೊಟ್ಟು, ಸಾಮಾನಿಗೆ ಇಪ್ಪತ್ತು ಹೋಗಿ ಮೂವತ್ತು ಉಳಿಯಿತು ಎಂದರೆ ದಿನಕ್ಕೆ ಎಂಬತ್ತು ತಟ್ಟೆ ಬೇಕು. ನಲವತ್ತು ಸಾವಿರದ ವ್ಯಾಪಾರ ಎಂದರೆ ನೂರರ ದರದಲ್ಲಿ ದಿನಕ್ಕೆ ಹದಿಮೂರು ತಟ್ಟೆ.

ದಿನಕ್ಕೆ ಹತ್ತು ಸಾವಿರದ ಭ್ರಮೆಯಲ್ಲಿ ತಿಂಗಳಿಗೆ ಮೂರು ಲಕ್ಷ ಕಾಣುತ್ತದೆ, ಅದರ ಮುಂದೆ 35,000 ಬಾಡಿಗೆ ಏನೂ ಅಲ್ಲ. ಮೂರೂವರೆ ಸಾವಿರ ಎಂದು ಹಾಕಿದರೆ ತಿಂಗಳಿಗೆ 1,05,000. ಅಷ್ಟು ವ್ಯಾಪಾರಕ್ಕೆ ಒಂದು ಲಕ್ಷದ ಖರ್ಚು ಯಾವ ಹೋಟೆಲನ್ನೂ ಉಳಿಸದು. ಅದೂ ಆ ಮೂರೂವರೆ ಸಾವಿರ ಕೊಡುತ್ತಿದ್ದದ್ದು ರಸ್ತೆಬದಿಯ ಅಂಗಡಿ, ಐವತ್ತು ರೂಪಾಯಿ ತಟ್ಟೆ, ಅಜ್ಜ ಅಜ್ಜಿಯ ಕೈಯಡುಗೆ. ಒಳಗೆ ಕುರ್ಚಿ ಹಾಕಿ ಚೈನೀಸ್ ಸೇರಿಸಿದ ಮೇಲೆ ಅದು ಬಡಾವಣೆಯ ಇನ್ನೊಂದು ರೆಸ್ಟೊರೆಂಟ್. ನೋಡಲು ಬಂದ ಜನ ನೋಡಿದ್ದು ಆ ಗೂಡಂಗಡಿಯನ್ನು.

ವ್ಲಾಗರ್ ಇಲ್ಲಿ ವ್ಯಾಪಾರದ ಸಲಹೆಗಾರನಾಗಬೇಕಿಲ್ಲ, ಆಗಲೂಬಾರದು. ಮಳಿಗೆ ತೋರಿಸುವವರು, ಫ್ರಾಂಚೈಸಿ ಕೇಳುವವರು, “ನಾವು ನಡೆಸ್ತೀವಿ, ನಿಮ್ಮ ಹೆಸರು ಕೊಡಿ ಸಾಕು” ಎನ್ನುವವರು ಎರಡನೇ ವಾರಕ್ಕೇ ಬರುತ್ತಾರೆ. ಅವರ ಸಂದೇಶ ಬರುವುದು ಹೆಚ್ಚಾಗಿ ನಿಮ್ಮ ಇನ್‌ಬಾಕ್ಸ್‌ಗೆ. ಅದನ್ನು ಹಾಗೇ ದಾಟಿಸುವ ಬದಲು ಒಂದು ಶರತ್ತು ಇಡಿ: ಅಂಗಡಿಯ ದಿನದ ವ್ಯಾಪಾರವನ್ನು ಅಂಗಡಿಯವರು ಒಂದು ನೋಟ್‌ಬುಕ್‌ನಲ್ಲಿ ತೊಂಬತ್ತು ದಿನ ಬರೆಯಲಿ, ಕೊನೆಯ ಮೂವತ್ತು ದಿನದ ಸರಾಸರಿ ನೋಡಿ ಆಮೇಲೆ ಮಾತು. ತೊಂಬತ್ತು ದಿನ ಕಾಯಲು ಒಪ್ಪದವರಿಗೆ ಬೇಕಾಗಿರುವುದು ನಿಮ್ಮ ವಿಡಿಯೊದ ಬಿಸಿ, ಅವರ ಅಡುಗೆಯಲ್ಲ. ಆ ನಡುವೆ ಹಣ ಹಾಕಲೇಬೇಕೆಂದಿದ್ದರೆ ಹಳೆ ಗಾಡಿಗೇ: ಎರಡನೇ ಕಾವಲಿ, ದೊಡ್ಡ ರುಬ್ಬುವ ಯಂತ್ರ, ಸಂಜೆ ಪಾಳಿಗೆ ಒಂದು ಕೈ. ಇವು ಇಳಿಗಾಲದಲ್ಲೂ ಭಾರವಾಗುವುದಿಲ್ಲ.

ಮುಂದಿನ ಹೋಟೆಲ್ ಕರೆದಾಗ

ಒಂದು ವಿಡಿಯೊ ಓಡಿತೆಂದರೆ ಊರಿನ ಉಳಿದ ಹೋಟೆಲ್‌ಗಳ ಫೋನ್ ಶುರು. ಮೊದಲ ವಿಡಿಯೊಗೆ ಬಿಲ್ ಕಟ್ಟಿ ತಿಂದಿದ್ದರಿಂದ ಹುಟ್ಟಿದ ನಂಬಿಕೆಯೇ ಇಲ್ಲಿ ಮಾರಾಟದ ಸರಕು. ನಿಯಮ ಸ್ಪಷ್ಟವಿದೆ. ಜಾಹೀರಾತು ಮಾನದಂಡ ಮಂಡಳಿಯ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಯಲ್ಲಿದೆ. ಹದಿನೈದು ಸೆಕೆಂಡ್‌ವರೆಗಿನ ವಿಡಿಯೊದಲ್ಲಿ ‘ಜಾಹೀರಾತು’ ಎಂಬ ಪಟ್ಟಿ ಕನಿಷ್ಠ ಮೂರು ಸೆಕೆಂಡ್ ಇರಬೇಕು; ಅದಕ್ಕಿಂತ ಉದ್ದ, ಎರಡು ನಿಮಿಷದೊಳಗಿನದಾದರೆ ಮೂರನೇ ಒಂದು ಭಾಗ, ಅಂದರೆ ಒಂದು ನಿಮಿಷದ ರೀಲ್ಸ್‌ಗೆ ಇಪ್ಪತ್ತು ಸೆಕೆಂಡ್. ಎರಡು ನಿಮಿಷ ಮೀರಿದರೆ ಆ ಹೋಟೆಲಿನ ಮಾತು ಬರುವಷ್ಟು ಹೊತ್ತೂ. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಉಚಿತ ಊಟ, ರಿಯಾಯಿತಿ ಕೂಡ ಹೇಳಲೇಬೇಕಾದ ಸಂಬಂಧ. ದಾರಿತಪ್ಪಿಸುವ ಪ್ರಚಾರಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹತ್ತು ಲಕ್ಷದವರೆಗೆ ದಂಡ, ಮರುಕಳಿಸಿದರೆ ಐವತ್ತು ಲಕ್ಷದವರೆಗೆ. ಕನ್ನಡ ವಿಡಿಯೊಗೆ ಕನ್ನಡದಲ್ಲೇ ಬರೆಯಿರಿ. ಮೂವತ್ತು ಹ್ಯಾಶ್‌ಟ್ಯಾಗ್‌ಗಳ ಕಾಡಿನಲ್ಲಿ ‘ಕೊಲ್ಯಾಬ್’ ಎಂದು ಅಡಗಿಸಿದ್ದನ್ನು ಯಾರೂ ಹೇಳಿದ್ದೆಂದು ಒಪ್ಪುವುದಿಲ್ಲ.

ಹಣ ತೆಗೆದುಕೊಳ್ಳುವುದು ತಪ್ಪಲ್ಲ, ಪೆಟ್ರೋಲ್, ಎಡಿಟಿಂಗ್ ಬಿಟ್ಟಿ ಬರುವುದಿಲ್ಲ. ಆದರೆ ಬಡ ಗಾಡಿಯ ವಿಡಿಯೊದಿಂದ ಬಂದ ಹಿಂಬಾಲಕರನ್ನು ಮರುವಾರ ಅದೇ ರಸ್ತೆಯ ಎಸಿ ಹೋಟೆಲ್‌ಗೆ ‘ಊರಿನ ಬೆಸ್ಟ್’ ಎಂದು ಕಳಿಸಿದರೆ ಗಾಡಿಯವರು ನೋಡುತ್ತಿರುತ್ತಾರೆ.

ಮೂರನೇ ವಾರದ ಭೇಟಿ

ವಿಡಿಯೊ ಹಾಕಿದ ಇಪ್ಪತ್ತೊಂದನೇ ದಿನಕ್ಕೆ, ಕ್ಯಾಮೆರಾ ಇಲ್ಲದೆ, ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ ಬಿಲ್ ಕೊಟ್ಟು ತಿನ್ನಿ. ಮೊದಲು ತಿಂದದ್ದೇ ತಿನ್ನಿ. ಬೆಲೆ ಏರಿದೆಯೇ, ದೋಸೆ ಚಿಕ್ಕದಾಗಿದೆಯೇ, ಸಮಯ ಬದಲಾಗಿದೆಯೇ ನೋಡಿ ಹಳೆಯ ವಿಡಿಯೊಗೆ ಪಿನ್ ಮಾಡಿದ ಕಾಮೆಂಟಿನಲ್ಲಿ ದಿನಾಂಕದೊಂದಿಗೆ ಬರೆಯಿರಿ. ರುಚಿ ಕೆಟ್ಟಿದ್ದರೆ ಮೊದಲು ಅವರಿಗೇ ಹೇಳಿ, ಕಾವಲಿ ತಣ್ಣಗಾಗುತ್ತಿದೆ ಎಂದರೆ ಅವರಿಗೆ ನಿಮಗಿಂತ ಬೇಗ ಅರ್ಥವಾಗುತ್ತದೆ. ಹತ್ತು ದಿನ ಬಿಟ್ಟು ಮತ್ತೆ ಹೋದಾಗಲೂ ಹಾಗೇ ಇದ್ದರೆ ಅದನ್ನೂ ಬರೆಯಲೇಬೇಕು.

ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಆ ನೋಟ್‌ಬುಕ್ ಇದೆಯೇ ನೋಡಿ. ಇದ್ದರೆ, ಅವರು ತೋರಿಸಿದರೆ, ಇವತ್ತಿನ ಅಂಕಿಯನ್ನು ವಿಡಿಯೊಗೆ ಮೊದಲಿನ ಅಂಕಿಯ ಪಕ್ಕ ಇಟ್ಟು ಓದಿ ಹೇಳಿ. ನಡುವಿನ ಹತ್ತು ದಿನದ ಹಾಳೆಗಳನ್ನು ಹಾರಿಸಿ.